ಜಿಯೋಕ್ಯಾಶಿಂಗ್: ಯಾರೋ ಬಚ್ಚಿಟ್ಟ ಡಬ್ಬಿಯಿಂದ ಗೆಳೆತನ ಹುಟ್ಟುವುದು ಹೇಗೆ?

ನವೆಂಬರ್ ತಿಂಗಳು. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಫಾರೆಸ್ಟ್ ಪಾರ್ಕ್‌ನಲ್ಲಿ ಜಿಟಿಜಿಟಿ ಮಳೆ. ನಾನೂ ನನ್ನ ಒಂಬತ್ತು ವರ್ಷದ ಮಗಳೂ ಬಿದ್ದ ಮರವೊಂದರ ಸುತ್ತ ಅರ್ಧ ಗಂಟೆಯಿಂದ ತಡಕಾಡುತ್ತಿದ್ದೆವು. ಫೋನ್ 'ಇನ್ನು 3 ಮೀಟರ್' ಅಂತ ತೋರಿಸುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋದರೆ 'ಇನ್ನು 6 ಮೀಟರ್'. ಸುತ್ತ ಪಾಚಿ ಹಿಡಿದ ಬೊಡ್ಡೆಗಳು, ಜರಿಗಿಡ, ಕೆಸರು. ಅದೇ ಜಾಗಕ್ಕೆ ನಾವು ಬಂದಿದ್ದು ಅದು ಮೂರನೇ ಸಲ.

"ಅಪ್ಪಾ, ಸಾಕು, ಮನೆಗೆ ಹೋಗೋಣ" ಅಂತ ಮಗಳು ರಾಗ ತೆಗೆಯುವ ಹೊತ್ತಿಗೆ ದಾರಿಯಲ್ಲಿ ಇಬ್ಬರು ಬಂದರು. ಎಪ್ಪತ್ತು ದಾಟಿದ ಗಂಡ ಹೆಂಡತಿ. ಕೈಯಲ್ಲಿ ಊರುಗೋಲು, ಮೈಮೇಲೆ ರೇನ್‌ಕೋಟು. ಅವರ ಕಣ್ಣು ಮೊದಲು ಹೋಗಿದ್ದು ನಾನು ಫೋನ್ ಹಿಡಿದುಕೊಂಡಿದ್ದ ರೀತಿಯ ಮೇಲೆ. ಆಮೇಲೆ ಅಜ್ಜಿ ನಕ್ಕು ಕೇಳಿದರು, ಇನ್ನೂ ಸಿಕ್ಕಿಲ್ವಾ ಅಂತ.

ಅವರಿಗೆ ಅದು ಹಿಂದಿನ ವರ್ಷವೇ ಸಿಕ್ಕಿತ್ತಂತೆ. ಎಲ್ಲಿದೆ ಅಂತ ಹೇಳಲಿಲ್ಲ. ಹೇಳಿಬಿಟ್ಟರೆ ಆಟದ ರುಚಿ ಹೋಗುತ್ತೆ ಅಂತ ಅವರಿಗೆ ಗೊತ್ತು. ಅಜ್ಜ ಮಾತ್ರ, "ನೀವು ದೊಡ್ಡವರ ಎತ್ತರದಿಂದ ನೋಡ್ತಿದ್ದೀರಿ, ಮಗು ಎತ್ತರಕ್ಕೆ ಬಗ್ಗಿ ನೋಡಿ" ಅಂದರು. ನಾನು ಕುಕ್ಕರಗಾಲಲ್ಲಿ ಕೂತೆ. ಮರದ ಕೆಳಗೆ ತೊಗಟೆಯ ಚೂರೊಂದು ಉಳಿದವಕ್ಕಿಂತ ಸ್ವಲ್ಪ ಜಾಸ್ತಿ ನೆಟ್ಟಗೆ ನಿಂತಿತ್ತು. ಮಗಳು ಅದನ್ನು ಸರಿಸಿದಳು. ಹಿಂದೆ ಒಂದು ಹಸಿರು ತಗಡಿನ ಪೆಟ್ಟಿಗೆ!

ಅವಳು ಕೂಗಿದ ಕೂಗಿಗೆ ಮರದ ಮೇಲಿದ್ದ ಹಕ್ಕಿ ಹಾರಿಹೋಯಿತು. ಆ ಅಜ್ಜ ಅಜ್ಜಿ, ನಾವು ಪೆಟ್ಟಿಗೆ ತೆರೆದು, ಒಳಗಿದ್ದ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಮುಚ್ಚಿಡುವ ತನಕ ಮಳೆಯಲ್ಲಿ ನಿಂತೇ ಇದ್ದರು. ಅವರಿಗೆ ಅದರಿಂದ ಏನೂ ಸಿಗುವುದಿರಲಿಲ್ಲ. ಆದರೂ ನಿಂತರು. ಈ ಲೇಖನ ಬರೆಯಬೇಕು ಅಂತ ನನಗೆ ಅನ್ನಿಸಿದ್ದೇ ಅದಕ್ಕೆ. ಜಿಯೋಕ್ಯಾಶಿಂಗ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಉಪಗ್ರಹ, ಆ್ಯಪ್, ಅಂಕಿಗಳ ಬಗ್ಗೆ ಬರೆಯುತ್ತಾರೆ. ಒಬ್ಬರನ್ನೊಬ್ಬರು ನೋಡದ ಲಕ್ಷಾಂತರ ಜನ ಒಬ್ಬರಿಗೊಬ್ಬರು ಹೀಗೆ ಯಾಕೆ ನಡೆದುಕೊಳ್ಳುತ್ತಾರೆ ಅನ್ನೋದೇ ನನಗೆ ಅದಕ್ಕಿಂತ ದೊಡ್ಡ ವಿಷಯ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಬಚ್ಚಿಟ್ಟ ಡಬ್ಬಿಗೆ ಇಲ್ಲಿ ಕ್ಯಾಶ್ ಅಂತಾರೆ. ಕ್ಯಾಶ್ ಅಂದ ತಕ್ಷಣ ದುಡ್ಡು ಅಂದುಕೊಳ್ಳಬೇಡಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಏನು ಮಾಡೋದು. ಇದು ಬಚ್ಚಿಡು ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಒಬ್ಬರು ನೀರು ಹೋಗದ ಡಬ್ಬಿಯೊಂದರಲ್ಲಿ ಹೆಸರು ಬರೆಯುವ ಪುಸ್ತಕ ಇಟ್ಟು, ಯಾವುದೋ ಪಾರ್ಕು, ಬೆಟ್ಟ, ಸೇತುವೆ, ಗಲ್ಲಿಯಲ್ಲಿ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕರೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಬೇಕು. ಡಬ್ಬಿಯನ್ನು ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಡಬೇಕು. ಒಳಗೆ ಆಟಿಕೆ, ಕೀ ಚೈನ್ ಥರದ ಸಣ್ಣಪುಟ್ಟ ಸಾಮಾನು ಇದ್ದರೆ ಒಂದನ್ನು ತೆಗೆದುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯ, ಇಲ್ಲವೇ ಇನ್ನೂ ಒಳ್ಳೆಯ ಸಾಮಾನು ಇಟ್ಟು ಬರಬೇಕು. ಮನೆಗೆ ಬಂದ ಮೇಲೆ ಆ ಡಬ್ಬಿಯ ಇಂಟರ್‌ನೆಟ್ ಪುಟದಲ್ಲಿ ನಿಮ್ಮ ಅನುಭವ ಬರೆಯುತ್ತೀರಿ. ಇಷ್ಟೇ ಆಟ. ಈಗ ಜಗತ್ತಿನಲ್ಲಿ ಇಂಥ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ. ಅಂಟಾರ್ಕ್ಟಿಕಾದಲ್ಲೂ ಇವೆ.

ಇದು ಶುರುವಾಗಿದ್ದು ನಾನಿರುವ ಊರಿನ ಪಕ್ಕದಲ್ಲೇ. ಜಿಪಿಎಸ್ ಅಮೆರಿಕದ ಸೈನ್ಯದ ವ್ಯವಸ್ಥೆ. ಜನಸಾಮಾನ್ಯರಿಗೆ ಸಿಗುವ ಸಿಗ್ನಲ್ಲಿನಲ್ಲಿ ಅವರು ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಹಾಗಾಗಿ ನೀವು ನಿಂತ ಜಾಗ 100 ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ನೇ ಇಸವಿ ಮೇ ತಿಂಗಳ ಮೊದಲ ವಾರ, ಅಧ್ಯಕ್ಷ ಕ್ಲಿಂಟನ್ ಅವರ ಆದೇಶದ ಮೇಲೆ ಆ ತಪ್ಪನ್ನು ತೆಗೆದುಹಾಕಿದರು. ಒಂದೇ ರಾತ್ರಿಯಲ್ಲಿ ಎಲ್ಲರ ಕೈಯಲ್ಲಿದ್ದ ಜಿಪಿಎಸ್ ಸುಮಾರು ಹತ್ತು ಪಟ್ಟು ನಿಖರವಾಯಿತು.

ಅದಾದ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಅನ್ನುವ ಕಂಪ್ಯೂಟರ್ ಸಲಹೆಗಾರ ಪೋರ್ಟ್‌ಲ್ಯಾಂಡ್ ಹತ್ತಿರದ ಬೀವರ್‌ಕ್ರೀಕ್ ಕಡೆಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟರು. ಒಳಗೆ ಪುಸ್ತಕ, ಸಾಫ್ಟ್‌ವೇರ್, ವೀಡಿಯೊ, ಒಂದು ಕವಣೆ, ಒಂದು ಡಬ್ಬ ಬೀನ್ಸ್, ಜೊತೆಗೆ ಹೆಸರು ಬರೆಯಲು ಪುಸ್ತಕ ಮತ್ತು ಪೆನ್ಸಿಲ್. ಜಾಗದ ಅಂಕಿಗಳನ್ನು ಜಿಪಿಎಸ್ ಆಸಕ್ತರ ಇಂಟರ್‌ನೆಟ್ ಗುಂಪಿಗೆ ಕಳಿಸಿದರು: ಉತ್ತರ 45 ಡಿಗ್ರಿ 17.460, ಪಶ್ಚಿಮ 122 ಡಿಗ್ರಿ 24.800. ಸ್ವಲ್ಪ ತಗೊಳ್ಳಿ, ಸ್ವಲ್ಪ ಇಡಿ ಅನ್ನೋದೊಂದೇ ಅವರ ನಿಯಮ. ಮೂರು ದಿನದೊಳಗೆ ಇಬ್ಬರು ಹುಡುಕಿಬಿಟ್ಟರು. ಮೊದಲು ಹುಡುಕಿದ ಮೈಕ್ ಟೀಗ್ ಅಲ್ಲಿಗೇ ಸುಮ್ಮನಾಗಲಿಲ್ಲ. ಬೇರೆಯವರೂ ಬಚ್ಚಿಡಲು ಶುರು ಮಾಡಿದ ಡಬ್ಬಿಗಳ ವಿವರವನ್ನೆಲ್ಲ ಒಂದು ಕಡೆ ಸೇರಿಸುತ್ತಾ ಹೋದರು. ಅದೇ ತಿಂಗಳ ಕೊನೆಗೆ ಮ್ಯಾಟ್ ಸ್ಟಮ್ ಅನ್ನುವವರು ಜಿಯೋಕ್ಯಾಶಿಂಗ್ ಅನ್ನುವ ಹೆಸರು ಕೊಟ್ಟರು. ಸೆಪ್ಟೆಂಬರ್ 2ರಂದು ಜೆರೆಮಿ ಐರಿಷ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ತೆರೆದಾಗ ಜಗತ್ತಿನಲ್ಲಿ ಇದ್ದದ್ದು ಬರೀ 75 ಡಬ್ಬಿ. ಆ ಸಂಸ್ಥೆಯ ಕಚೇರಿ ಈಗಲೂ ಸಿಯಾಟಲ್‌ನಲ್ಲಿದೆ.

ಆ ಮೊದಲ ಬಕೆಟ್ ಈಗಿಲ್ಲ. ಆ ಜಾಗದಲ್ಲಿ ಒಂದು ನೆನಪಿನ ಫಲಕ ಇದೆ. ರಸ್ತೆ ಬದಿ, ಮರಗಳ ನೆರಳಲ್ಲಿ, ನೆಲಕ್ಕೆ ಕೂರಿಸಿದ ಸಣ್ಣ ಫಲಕ. ದೂರ ದೂರದ ದೇಶಗಳಿಂದ ಜನ ಅದನ್ನು ನೋಡಲೆಂದೇ ಬರುತ್ತಾರೆ. ಕ್ಷೇತ್ರಕ್ಕೆ ಹೋಗಿಬಂದ ಹಾಗೆ ಅನ್ನಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗುರುತು ಪರಿಚಯ ಇಲ್ಲದವರ ನಡುವೆ ಈ ನಂಬಿಕೆ ಎಲ್ಲಿಂದ ಬರುತ್ತೆ?

ನಮ್ಮ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯವರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು ಬರಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡೋದೂ ಇದೇ ಲೆಕ್ಕ. ಜಿಯೋಕ್ಯಾಶಿಂಗ್‌ನಲ್ಲಿ ನಾನು ಕಂಡದ್ದು ಮುಯ್ಯಿಯೇ. ಆದರೆ ಇಲ್ಲಿ ಅದು ಕೊಟ್ಟವರಿಗೆ ವಾಪಸ್ ಹೋಗುವುದಿಲ್ಲ. ಫಾರೆಸ್ಟ್ ಪಾರ್ಕಿನಲ್ಲಿ ಆ ಪೆಟ್ಟಿಗೆ ಇಟ್ಟವರಿಗೆ ನಾನು ಏನು ತೀರಿಸಲಿ? ಅವರು ಯಾರೋ ಗೊತ್ತಿಲ್ಲ. ನಾನು ಮಾಡಬಹುದಾದ ಒಂದೇ ಕೆಲಸ, ನನ್ನ ನಂತರ ಬರುವವರಿಗೆ ಅದನ್ನು ಸರಿಯಾಗಿ ಮುಚ್ಚಿಡೋದು. ಆಮೇಲೆ ನಾನೂ ಒಂದು ಡಬ್ಬಿ ಇಡೋದು. ಬೇಸಗೆಯಲ್ಲಿ ದಾರಿ ಬದಿ ಅರವಟ್ಟಿಗೆ ಇಡುವವರು ಕುಡಿಯುವವರ ಹೆಸರು ಕೇಳುವುದಿಲ್ಲ, ಅಲ್ವಾ? ಮಡಕೆಯ ಮೇಲೆ ಲೋಟ ಬೋರಲು ಹಾಕಿ ಹೋಗುವವರೂ ಮುಂದೆ ಬರುವವರನ್ನು ನೋಡಿರುವುದಿಲ್ಲ.

ಇದು ಜಿಪಿಎಸ್ ಬಂದ ಮೇಲೆ ಹುಟ್ಟಿದ ಬುದ್ಧಿ ಅಂತಲೂ ಅಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಅನ್ನುವ ದಾರಿ ತೋರಿಸುವವರು ಕ್ರಾನ್‌ಮಿಯರ್ ಪೂಲ್ ಅನ್ನುವ ದೂರದ ಜೌಗು ಜಾಗದಲ್ಲಿ ಒಂದು ಬಾಟಲಿ ಇಟ್ಟರು. ಅಷ್ಟು ದೂರ ನಡೆದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಬರಬರುತ್ತಾ ಜನ ಅಂಥ ಕಡೆ ವಿಳಾಸ ಬರೆದ ಕಾಗದ ಬಿಟ್ಟು ಹೋಗುವ ರೂಢಿ ಬೆಳೆಯಿತು. ನಂತರ ಬಂದವರು ಅದನ್ನು ಎತ್ತಿಕೊಂಡು ಹೋಗಿ ಅಂಚೆಗೆ ಹಾಕಬೇಕು. ಯೋಚನೆ ಮಾಡಿ. ನೀವು ಬರೆದ ಕಾಗದ ತಲುಪುವುದು ನಿಮ್ಮ ನಂತರ ಅಲ್ಲಿಗೆ ನಡೆದು ಬರುವ ಯಾರದೋ ಒಳ್ಳೆತನದಿಂದ. ಲೆಟರ್‌ಬಾಕ್ಸಿಂಗ್ ಅಂತ ಕರೆಯುವ ಆ ಹವ್ಯಾಸ ಈಗಲೂ ಇದೆ. ಜಿಯೋಕ್ಯಾಶಿಂಗ್ ಅದರ ಮೊಮ್ಮಗು ಅಂದರೆ ತಪ್ಪಿಲ್ಲ.

ಇನ್ನು ಆಟದ ಒಳಗಿನ ಕಟ್ಟು ನೋಡೋಣ. ಗೆಳೆತನ ಬೆಳೆಯೋಕೆ ಅಲ್ಲಿ ಎಷ್ಟೊಂದು ಜಾಗ ಇದೆ ಅಂತ ಗೊತ್ತಾಗುತ್ತೆ.

ಶುರು ಮಾಡಬೇಕಾದದ್ದು ಆ ಕೊನೆಯ ಐದು ಮೀಟರಿನಿಂದ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ಈಗ ಇಷ್ಟು ಗಂಟೆ ಅಂತ ಸಾರುತ್ತಲೇ ಇರುತ್ತೆ. ಆ ಮಾತು ನಿಮ್ಮ ಫೋನಿಗೆ ಎಷ್ಟು ತಡವಾಗಿ ಬಂತು ಅನ್ನೋದರ ಮೇಲೆ ಉಪಗ್ರಹ ಎಷ್ಟು ದೂರ ಇದೆ ಅಂತ ಫೋನು ಲೆಕ್ಕ ಹಾಕುತ್ತೆ. ಜಾಗ ಗೊತ್ತಾಗೋಕೆ ಮೂರು ಉಪಗ್ರಹ ಬೇಕು, ಫೋನಿನ ಸಾಧಾರಣ ಗಡಿಯಾರದ ತಪ್ಪು ತಿದ್ದೋಕೆ ನಾಲ್ಕನೆಯದು. ಜಿಪಿಎಸ್ ಥರದ್ದೇ ಆದ ನಮ್ಮ ದೇಶದ ನಾವಿಕ್ ವ್ಯವಸ್ಥೆಯದೂ ಇದೇ ಲೆಕ್ಕಾಚಾರ, ಅದರ ಕೇಂದ್ರ ಇರೋದು ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿ. ಇಷ್ಟೆಲ್ಲ ಇದ್ದರೂ ಬಯಲಿನಲ್ಲಿ ಕೆಲವು ಮೀಟರ್, ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ ತಪ್ಪು ಉಳಿದೇ ಇರುತ್ತೆ. ಡಬ್ಬಿ ಇಟ್ಟವರ ಅಳತೆಯಲ್ಲೂ ಅಷ್ಟೇ ತಪ್ಪಿರಬಹುದು. ಅಂದರೆ ಉಪಗ್ರಹ ನಿಮ್ಮನ್ನು ಮರದ ಹತ್ತಿರ ತಂದು ಬಿಡುತ್ತೆ, ಅಷ್ಟೇ. ಅಲ್ಲಿಂದ ಮುಂದೆ ಕಣ್ಣು, ಬುದ್ಧಿ, ಜೊತೆಗೆ ಇನ್ನೊಬ್ಬರ ಮಾತು. ಜಿಪಿಎಸ್ ಕರಾರುವಾಕ್ಕಾಗಿ ಡಬ್ಬಿಯ ಮೇಲೇ ಬೆರಳಿಟ್ಟು ತೋರಿಸಿದ್ದರೆ ಆ ಅಜ್ಜ ಅಜ್ಜಿ ನಮ್ಮ ಜೊತೆ ಮಾತಾಡುತ್ತಿರಲಿಲ್ಲ.

ಸಿಗದೇ ಹೋದರೆ ಡಿಎನ್‌ಎಫ್ ಅಂತ ಬರೆಯುತ್ತಾರೆ, ಹುಡುಕಿದೆ, ಸಿಗಲಿಲ್ಲ ಅಂತ. ಹೊಸಬರು ಇದನ್ನು ಬರೆಯೋಕೆ ನಾಚುತ್ತಾರೆ. ನಾನೂ ಮೊದಲೆರಡು ಸಲ ಬರೆಯಲಿಲ್ಲ. ಆದರೆ ಈ ಆಟದಲ್ಲಿ ಅತಿ ಉಪಕಾರದ ಬರಹ ಅದೇ. ಸಾಲಾಗಿ ನಾಲ್ಕು ಜನ ಸಿಗಲಿಲ್ಲ ಅಂತ ಬರೆದರೆ ಡಬ್ಬಿಯ ಒಡೆಯರಿಗೆ ಅನುಮಾನ ಬರುತ್ತೆ, ಹೋಗಿ ನೋಡುತ್ತಾರೆ. ದೂರದಿಂದ ಬರುವವರಿಗೆ ಪೆಟ್ರೋಲ್ ಉಳಿಯುತ್ತೆ. ನಾನು ಮೂರನೇ ಸಲ ಸೋತು ಧೈರ್ಯ ಮಾಡಿ ಬರೆದಾಗ, ಮುಖ ನೋಡದ ಒಬ್ಬರು 'ನನಗೂ ಐದನೇ ಸಲಕ್ಕೆ ಸಿಕ್ಕಿದ್ದು, ಬಿಡಬೇಡಿ' ಅಂತ ಬರೆದು ಕಳಿಸಿದರು. ಸೋತಿದ್ದನ್ನು ಮುಚ್ಚಿಡದೆ ಹೇಳಿಕೊಂಡಾಗ ಜನ ಎಷ್ಟು ಬೇಗ ಹತ್ತಿರ ಬರುತ್ತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಕಷ್ಟಕ್ಕೂ ಒಂದು ಅಳತೆ ಇದೆ. ಹುಡುಕೋಕೆ ಎಷ್ಟು ಕಷ್ಟ, ಆ ಜಾಗ ತಲುಪೋಕೆ ಎಷ್ಟು ಕಷ್ಟ ಅಂತ ಎರಡಕ್ಕೂ 1ರಿಂದ 5ರವರೆಗೆ, ಅರ್ಧ ಅರ್ಧ ಅಂಕದ ಲೆಕ್ಕದಲ್ಲಿ ಗುರುತು ಕೊಡುತ್ತಾರೆ. ತಲುಪುವ ಕಷ್ಟ 1 ಅಂದರೆ ಗಾಲಿಕುರ್ಚಿಯಲ್ಲಿ ಬರುವವರಿಗೂ ಸಿಗಬೇಕು. 5 ಅಂದರೆ ಹಗ್ಗ, ದೋಣಿ, ಈಜುವ ಸಲಕರಣೆ ಥರದ್ದು ಏನಾದರೂ ಬೇಕೇ ಬೇಕು. ಈ 5ರ ಡಬ್ಬಿಗಳು ಜನರನ್ನು ಒಟ್ಟು ಸೇರಿಸುವ ರೀತಿ ಚೆಂದ. ಕೆರೆ ನಡುವಿನ ಸಣ್ಣ ದ್ವೀಪದಲ್ಲಿ ಡಬ್ಬಿ ಇದೆ ಅಂತ ಇಟ್ಟುಕೊಳ್ಳಿ. ಒಬ್ಬರ ಹತ್ತಿರ ದೋಣಿ ಇರುತ್ತೆ. ಇನ್ನೊಬ್ಬರಿಗೆ ಹುಟ್ಟು ಹಾಕೋದು ಗೊತ್ತಿರುತ್ತೆ. ಕೆಲವು ಡಬ್ಬಿಗಳ ಜಾಗದ ಅಂಕಿಯನ್ನು ಒಗಟಿನೊಳಗೆ ಅಡಗಿಸಿರುತ್ತಾರೆ, ಆ ಒಗಟು ಬಿಡಿಸಿದವರು ಮತ್ತೊಬ್ಬರು. ಭಾನುವಾರ ಬೆಳಿಗ್ಗೆ ಮೂವರೂ ಕೆರೆ ದಡದಲ್ಲಿ ಸೇರುತ್ತಾರೆ. ಒಬ್ಬರು ಬ್ಯಾಂಕಿನವರು, ಒಬ್ಬರು ಲಾರಿ ಓಡಿಸುವವರು, ಒಬ್ಬರು ಕಾಲೇಜು ಹುಡುಗಿ ಆಗಿರಬಹುದು. ಬೇರೆಲ್ಲೂ ಈ ಮೂವರು ಒಂದೇ ದೋಣಿಯಲ್ಲಿ ಕೂರುವುದು ಕಷ್ಟ.

ಇಲ್ಲಿ ಎಲ್ಲರಿಗೂ ಅಡ್ಡಹೆಸರು ಇರುತ್ತೆ. ಪುಸ್ತಕದಲ್ಲಿ ಬರೆಯೋದೂ ಅದನ್ನೇ, ಕೂಗೋದೂ ಅದನ್ನೇ. ನಾಲ್ಕು ವರ್ಷ ಜೊತೆಗೆ ಬೆಟ್ಟ ಹತ್ತಿದವರ ನಿಜವಾದ ಹೆಸರು ನನಗೆ ಗೊತ್ತಾಗಿದ್ದು ಅವರ ಮಗಳ ಮದುವೆ ಕರೆಯೋಲೆ ಬಂದಾಗ. ಏನು ಕೆಲಸ, ಎಷ್ಟು ಸಂಬಳ, ಯಾವ ದೇಶದ ವೀಸಾ ಅನ್ನುವ ಪ್ರಶ್ನೆಗಳು ಬರುವುದೇ ಇಲ್ಲ. ಹೊರದೇಶದಲ್ಲಿ ಇರುವ ನಮ್ಮಂಥವರಿಗೆ ಅದು ಎಷ್ಟು ಹಗುರ ಅನ್ನಿಸುತ್ತೆ ಅಂತ ಇಲ್ಲಿ ಬಂದವರಿಗೇ ಗೊತ್ತು. ನಮ್ಮ ಜನ ಇಲ್ಲಿ ಬಂದ ಮೇಲೆ ಕನ್ನಡ ಕೂಟ, ಆಫೀಸು, ಮಕ್ಕಳ ಸ್ಕೂಲು ಇಷ್ಟರಲ್ಲೇ ಸುತ್ತುತ್ತೇವೆ. ಪಕ್ಕದ ಬೀದಿಯವರ ಜೊತೆ ಮಾತಾಡೋಕೆ ನೆಪ ಬೇಕಾಗುತ್ತೆ. ನನಗೆ ಆ ನೆಪ ಡಬ್ಬಿಯ ರೂಪದಲ್ಲಿ ಸಿಕ್ಕಿತು.

ಟ್ರಾವೆಲ್ ಬಗ್ ಅಂತ ಇನ್ನೊಂದಿದೆ. ನಂಬರ್ ಕೊರೆದ ಪುಟ್ಟ ಲೋಹದ ಬಿಲ್ಲೆ, ಜೊತೆಗೆ ಸರಪಳಿಯಲ್ಲಿ ಒಂದು ಆಟಿಕೆ. ಅದರ ಒಡೆಯರು ಅದಕ್ಕೊಂದು ಗುರಿ ಕೊಡುತ್ತಾರೆ. 'ಇದು ಸಮುದ್ರ ನೋಡಬೇಕು' ಅಂತಲೋ, 'ಎಲ್ಲ ಖಂಡ ಸುತ್ತಿ ಮನೆಗೆ ಬರಬೇಕು' ಅಂತಲೋ. ಒಂದು ಡಬ್ಬಿಯಲ್ಲಿ ಸಿಕ್ಕಿದ್ದನ್ನು ನೀವು ಎತ್ತಿಕೊಂಡು ಇನ್ನೊಂದು ಡಬ್ಬಿಯಲ್ಲಿ ಇಡುತ್ತೀರಿ. ಅದು ಸಾಗಿದ ದೂರ ಒಡೆಯರಿಗೆ ಕಾಣುತ್ತಿರುತ್ತೆ. ಊರಿಗೆ ಹೋಗುವಾಗ ನಾನು ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಲಾಲ್‌ಬಾಗಿನ ಬಂಡೆಯ ಮೇಲೆ ಇಟ್ಟು ಫೋಟೊ ತೆಗೆದು, ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಬರೆದು ಒಡೆಯರಿಗೆ ಕಳಿಸಿದೆ. ಅದು ಒಂದು ಶಾಲೆ ಮಕ್ಕಳದಂತೆ. ತರಗತಿಯ ಭೂಪಟದಲ್ಲಿ ಬೆಂಗಳೂರಿಗೆ ಪಿನ್ ಚುಚ್ಚಿದ ಫೋಟೊ ವಾಪಸ್ ಬಂತು.

ಇದರ ದೊಡ್ಡ ಕತೆ ಬಾಹ್ಯಾಕಾಶದ್ದು. 2008ರ ಅಕ್ಟೋಬರ್‌ನಲ್ಲಿ ವೀಡಿಯೊ ಗೇಮ್ ತಯಾರಿಸುವ ರಿಚರ್ಡ್ ಗ್ಯಾರಿಯಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲೂ ಒಂದು ಕ್ಯಾಶ್ ಇಟ್ಟು ಬಂದರು. ಐದು ವರ್ಷ ಅದನ್ನು ಯಾರೂ ಹುಡುಕಲಿಲ್ಲ, ಹೋಗೋದಾದರೂ ಹೇಗೆ? 2013ರಲ್ಲಿ ರಿಕ್ ಮಸ್ಟ್ರಾಕಿಯೊ ಅನ್ನುವ ಗಗನಯಾತ್ರಿ ಒಂದು ಟ್ರಾವೆಲ್ ಬಗ್ ತೆಗೆದುಕೊಂಡು ಹೋಗಿ ಅದನ್ನು ಹುಡುಕಿದ ಮೊದಲಿಗರಾದರು. 2021ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಪರ್ಸಿವಿಯರೆನ್ಸ್ ರೋವರ್ ಮೇಲೂ ಟ್ರಾವೆಲ್ ಬಗ್‌ನ ನಂಬರಿನ ಥರದ ಒಂದು ಕೋಡ್ ಇದೆ. ಕ್ಯಾಮೆರಾ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುವ ತಟ್ಟೆಯಲ್ಲಿ ಅದನ್ನು ಸೇರಿಸಿದ್ದಾರೆ. ರೋವರ್ ಕಳಿಸಿದ ಚಿತ್ರದಲ್ಲಿ ಆ ಕೋಡ್ ಓದಿ, ಜಗತ್ತಿನ ಮೂಲೆಮೂಲೆಯ ಜನ 'ಕಂಡೆ' ಅಂತ ಬರೆದರು.

ಮುಖಾಮುಖಿ ಭೇಟಿಗೂ ಆಟದಲ್ಲೇ ಜಾಗ ಇದೆ. ಈವೆಂಟ್ ಅನ್ನೋದು ಕೂಡ ಒಂದು ಬಗೆಯ ಕ್ಯಾಶ್. ಡಬ್ಬಿಯ ಬದಲು ಇಲ್ಲಿ ನೀವು ಹುಡುಕಿಕೊಂಡು ಹೋಗುವುದು ಮನುಷ್ಯರನ್ನು. ಇಂಥ ದಿನ, ಇಂಥ ಹೊತ್ತು, ಇಂಥ ಪಾರ್ಕು ಇಲ್ಲವೇ ಪಿಜ್ಜಾ ಅಂಗಡಿ ಅಂತ ಹಾಕುತ್ತಾರೆ. ಹೋದರೆ ಒಂದು ಉದ್ದ ಮೇಜು. ಅದರ ಮೇಲೆ ಟ್ರಾವೆಲ್ ಬಗ್‌ಗಳು, ಅವುಗಳ ಹಾಗೇ ನಂಬರ್ ಇರುವ ಬಣ್ಣಬಣ್ಣದ ನಾಣ್ಯಗಳು. ಜನ ಬಗ್ಗಿ ನಂಬರ್ ಬರೆದುಕೊಳ್ಳುತ್ತಿರುತ್ತಾರೆ. ಇನ್ನೊಂದು ಮೂಲೆಯಲ್ಲಿ ಬಿಡಿಸಲಾಗದ ಒಗಟಿನ ಮೇಲೆ ನಾಲ್ಕು ತಲೆ ಕೂಡಿರುತ್ತೆ. ಹೊಸಬರು ಬಾಗಿಲಲ್ಲಿ ಹಿಂಜರಿದು ನಿಂತರೆ ಯಾರಾದರೂ ಎದ್ದು ಹೋಗಿ ಕರೆತರುತ್ತಾರೆ. ನನ್ನ ಮೊದಲ ಈವೆಂಟಿನಲ್ಲಿ ಹಾಗೆ ಎದ್ದು ಬಂದವರು ಫಾರೆಸ್ಟ್ ಪಾರ್ಕಿನ ಅದೇ ಅಜ್ಜಿ. "ಆ ತೊಗಟೆ ಹುಡುಗಿ ಎಲ್ಲಿ?" ಅಂತ ಮೊದಲು ಕೇಳಿದ್ದು ನನ್ನ ಮಗಳನ್ನು.

ಇಂಥ ಕೂಟ 500 ಜನ ದಾಟಿದರೆ ಮೆಗಾ, 5,000 ದಾಟಿದರೆ ಗಿಗಾ. ಮೊದಲ ಗಿಗಾ ನಡೆದದ್ದು 2014ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ. ಜರ್ಮನಿಯಲ್ಲಿ ಈ ಆಟದ ಹುಚ್ಚು ವಿಪರೀತ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು ಬಗೆ. 2002ರಿಂದ ನಡೆದುಕೊಂಡು ಬಂದಿರುವ ಸಿಟೊ ಅನ್ನುವ ಕೂಟಗಳು. ಅಲ್ಲಿ ಡಬ್ಬಿ ಹುಡುಕುವ ಬದಲು ಕಸ ಹುಡುಕುತ್ತಾರೆ. ಕೈಗವಸು ಹಾಕಿ, ಚೀಲ ಹಿಡಿದು, ಕಾಲುದಾರಿಯಲ್ಲಿ ಬಿದ್ದ ಪ್ಲಾಸ್ಟಿಕ್, ಗಾಜಿನ ಚೂರು, ಹಳೆ ಟೈರು ಹೊತ್ತು ತರುತ್ತಾರೆ. ಹೊಸ ಗಿಡ ನೆಡುತ್ತಾರೆ. ಆಟ ಆಡೋಕೆ ಕಾಡು ಜಾಗ ಕೊಟ್ಟಿದೆ, ಅದಕ್ಕೂ ಮುಯ್ಯಿ ತೀರಿಸಬೇಕಲ್ಲ.

ಇಷ್ಟೆಲ್ಲ ನಡೆಸಿಕೊಂಡು ಹೋಗುವವರಲ್ಲಿ ಕಣ್ಣಿಗೆ ಬೀಳದವರು ರಿವ್ಯೂವರ್‌ಗಳು. ಸಂಬಳ ಇಲ್ಲದೆ ಕೆಲಸ ಮಾಡುವ ಸ್ವಯಂಸೇವಕರು. ಹೊಸ ಡಬ್ಬಿ ಪ್ರಕಟವಾಗುವ ಮುಂಚೆ ಪ್ರತಿಯೊಂದನ್ನೂ ಇವರು ನೋಡುತ್ತಾರೆ. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇದೆಯಾ, ನೆಲ ಅಗೆದು ಹೂತಿಲ್ಲ ತಾನೇ, ಜಾಗದವರ ಒಪ್ಪಿಗೆ ಇದೆಯಾ ಅಂತ. ನನ್ನ ಮೊದಲ ಡಬ್ಬಿಯನ್ನು ನಮ್ಮ ರಿವ್ಯೂವರ್ ವಾಪಸ್ ಕಳಿಸಿದರು. ಅಲ್ಲೇ ಹತ್ತಿರ ಬೇರೊಬ್ಬರ ಡಬ್ಬಿ ಇತ್ತು, ಅದರ ಜಾಗ ಒಗಟಿನೊಳಗೆ ಅಡಗಿದ್ದರಿಂದ ನನಗೆ ಕಂಡಿರಲಿಲ್ಲ. ಆ ಗುಟ್ಟನ್ನು ಬಿಟ್ಟುಕೊಡದೆ, 'ತೊರೆ ಆಚೆ ಬದಿಗೆ ಸ್ವಲ್ಪ ಸರಿಸಿದರೆ ಆಗಬಹುದು' ಅಂತ ತಾಳ್ಮೆಯಿಂದ ಬರೆದಿದ್ದರು. ಕಳಿಸಿದ ಹೊತ್ತು ನೋಡಿದೆ, ರಾತ್ರಿ ಹನ್ನೊಂದೂಮುಕ್ಕಾಲು.

ಎಲ್ಲವೂ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತೆ. ಕೆಲವರಿಗೆ ಲೆಕ್ಕದ ಮೇಲೇ ಕಣ್ಣು. ನೆವಾಡಾದ ಇಟಿ ಹೈವೇ ಉದ್ದಕ್ಕೂ ಸಾವಿರಕ್ಕೂ ಹೆಚ್ಚು ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದಾರೆ. ಕಾರು ನಿಲ್ಲಿಸು, ಇಳಿ, ಸಹಿ ಹಾಕು, ಹತ್ತು. ನನಗೆ ಅದು ಹಿಡಿಸುವುದಿಲ್ಲ. ಸಿಗದಿದ್ದಾಗ ತಾವೇ ಒಂದು ಹೊಸ ಡಬ್ಬಿ ಎಸೆದು ಸಿಕ್ಕಿತು ಅಂತ ಬರೆದುಕೊಳ್ಳುವವರೂ ಇದ್ದಾರೆ, ಅದರ ಮೇಲೆ ಜಗಳಗಳೂ ಆಗುತ್ತವೆ. ಇನ್ನೂ ಗಂಭೀರವಾದದ್ದು ಅನುಮಾನದ ಪ್ರಶ್ನೆ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಊರಿನಲ್ಲಿ ಒಂದು ಡಬ್ಬಿಯನ್ನು ಬಾಂಬ್ ಅಂದುಕೊಂಡು ಬೀದಿಯನ್ನೇ ಖಾಲಿ ಮಾಡಿಸಿ ಸ್ಫೋಟಿಸಬೇಕಾಯಿತು. ಅದಕ್ಕೇ ಡಬ್ಬಿಯ ಮೇಲೆ ಇದು ಜಿಯೋಕ್ಯಾಶ್ ಅಂತ ಬರೆದಿಡಬೇಕು. ರೈಲು ನಿಲ್ದಾಣ, ಸರ್ಕಾರಿ ಕಟ್ಟಡಗಳ ಹತ್ತಿರ ಇಡಬಾರದು.

ನಮ್ಮ ದೇಶದಲ್ಲಿ ಈ ಆಟ ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಅನಿಸಿಕೆ. ನಮ್ಮ ಊರುಗಳಲ್ಲಿ ಯಾರೂ ಇಲ್ಲದ ಜಾಗ ಸಿಗೋದೇ ಕಷ್ಟ. ಪೊದೆಯಲ್ಲಿ ಕೈ ಹಾಕಿದರೆ ಐದು ಜನ ಬಂದು ಏನು ಕಳಕೊಂಡ್ರಿ ಸಾರ್ ಅಂತ ಕೇಳುತ್ತಾರೆ, ಹುಡುಕೋಕೂ ಸೇರಿಕೊಳ್ಳುತ್ತಾರೆ! ಆದರೆ ಡಬ್ಬಿಯೇ ಬೇಡದ ಒಂದು ಬಗೆಯೂ ಇದೆ, ಅರ್ಥ್‌ಕ್ಯಾಶ್ ಅಂತ. 2004ರಿಂದ ನಡೆಯುತ್ತಿದೆ. ಬಂಡೆ, ಜಲಪಾತ, ಮಣ್ಣಿನ ಪದರ ಇರುವ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ಹಂಪಿಯ ಗುಂಡುಗಳು, ಬಾದಾಮಿಯ ಕೆಂಪು ಕಲ್ಲು, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಇರುವ ನಾಡಿಗೆ ಇದಕ್ಕಿಂತ ಹೊಂದುವ ಆಟ ಇನ್ನೊಂದಿಲ್ಲ. ಅನುಮಾನ ಪಡೋಕೆ ಅಲ್ಲಿ ಡಬ್ಬಿಯೂ ಇಲ್ಲ.

ಶುರು ಮಾಡಬೇಕು ಅನ್ನಿಸಿದರೆ ಆ್ಯಪ್ ಉಚಿತವಾಗಿ ಸಿಗುತ್ತೆ. ಎರಡೂ ಕಷ್ಟ 1.5ರ ಒಳಗಿರುವ, ದೊಡ್ಡ ಡಬ್ಬಿ ಆರಿಸಿಕೊಳ್ಳಿ. ಹಳೆಯ ಫಿಲ್ಮ್ ರೋಲಿನ ಡಬ್ಬಿಯಷ್ಟು ಚಿಕ್ಕವು ಮೊದಲ ದಿನಕ್ಕೆ ಬೇಡ. ಪೆನ್ ಬದಲು ಪೆನ್ಸಿಲ್ ಇಟ್ಟುಕೊಳ್ಳಿ, ಒದ್ದೆ ಕಾಗದದ ಮೇಲೆ ಪೆನ್ ಬರೆಯುವುದಿಲ್ಲ. ಮನೆಗೆ ಬಂದು ಬರೆಯುವಾಗ ಬರೀ 'ಥ್ಯಾಂಕ್ಸ್' ಅಂತ ಹಾಕಿ ಕೈ ತೊಳೆದುಕೊಳ್ಳಬೇಡಿ. ದಾರಿಯಲ್ಲಿ ಏನು ಕಂಡಿರಿ, ಎಲ್ಲಿ ಜಾರಿದಿರಿ, ಮಕ್ಕಳು ಏನಂದರು, ನಾಲ್ಕು ಸಾಲು ಬರೆಯಿರಿ. ಡಬ್ಬಿ ಇಟ್ಟವರಿಗೆ ಸಿಗುವ ಕೂಲಿ ಅದೊಂದೇ. ನನಗೆ ಆಫೀಸಿನ ಮೀಟಿಂಗ್ ನಡುವೆ ಅಂಥ ನಾಲ್ಕು ಸಾಲು ಬಂದರೆ ಆ ದಿನವೆಲ್ಲ ಮನಸ್ಸು ತಂಪಾಗಿರುತ್ತೆ.

ತೊರೆ ಆಚೆ ಬದಿಗೆ ಸರಿಸಿದ ನನ್ನ ಡಬ್ಬಿ ಒಂದು ಬೆಳಿಗ್ಗೆ ಪ್ರಕಟವಾಯಿತು. ಮೊದಲು ಹುಡುಕಿದವರಿಗೆ ಈ ಆಟದಲ್ಲಿ ಒಂದು ಗೌರವ ಇದೆ, ಎಫ್‌ಟಿಎಫ್ ಅಂತ. ಅದಕ್ಕಾಗಿ ಆರು ಗಂಟೆ ಕತ್ತಲಲ್ಲೇ ಎರಡು ಕಡೆಯಿಂದ ಇಬ್ಬರು ಹಣೆಗೆ ಟಾರ್ಚ್ ಕಟ್ಟಿಕೊಂಡು ಬಂದರಂತೆ. ಡಬ್ಬಿ ಒಬ್ಬರ ಕೈಗೆ ಸಿಕ್ಕಿತು. ಅವರು ಇನ್ನೊಬ್ಬರನ್ನೂ ಕರೆದು, ಒಂದೇ ಸಾಲಿನಲ್ಲಿ ಇಬ್ಬರ ಹೆಸರೂ ಬರೆದು ಹೋದರು. ಆಮೇಲೆ ಒಂದು ಚಳಿಗಾಲ ನಾನು ಊರಿಗೆ ಹೋಗಿದ್ದಾಗ ಮುಚ್ಚಳದ ರಬ್ಬರ್ ಸವೆದು ಒಳಗೆ ನೀರು ಹೋಗಿತ್ತು. ತಪ್ಪು ನನ್ನದೇ, ಹೋಗುವ ಮುಂಚೆ ನೋಡಬೇಕಿತ್ತು. ಯಾರೋ ಒಬ್ಬರು ನೀರು ಚೆಲ್ಲಿ, ಬಟ್ಟೆಯಲ್ಲಿ ಒರೆಸಿ, ಒದ್ದೆ ಪುಸ್ತಕವನ್ನು ಜಿಪ್ ಕವರಿನಲ್ಲಿ ಹಾಕಿ, ಜೊತೆಗೆ ತಮ್ಮದೇ ಒಂದು ಒಣ ಪುಸ್ತಕ ಇಟ್ಟು ಹೋಗಿದ್ದರು. ಪುಟದಲ್ಲಿ ಬರೆದಿದ್ದು ಒಂದೇ ಸಾಲು: 'ನೀವು ಬರುವ ತನಕ ಇದು ನಡೆಯುತ್ತೆ.'

ವಾಪಸ್ ಬಂದ ವಾರ ಹೊಸ ರಬ್ಬರ್ ಹಾಕಿದೆವು. ಹಳೆಯ ಪುಸ್ತಕವನ್ನು ಮಗಳು ಮನೆಗೆ ತಂದಳು. ಹೀಟರ್ ಪಕ್ಕದಲ್ಲಿ ಕೂತು ಒಂದೊಂದೇ ಹಾಳೆ ಬಿಡಿಸಿ, ನಡುವೆ ಟಿಶ್ಯೂ ಇಟ್ಟು ಒಣಗಿಸಿದಳು. ಪೆನ್ನಿನಲ್ಲಿ ಬರೆದ ಹೆಸರುಗಳು ನೀಲಿ ಕಲೆಯಾಗಿ ಹರಡಿದ್ದವು. ಪೆನ್ಸಿಲಿನವು ಹಾಗೇ ಇದ್ದವು. ಮೊದಲ ಪುಟದ ಮೊದಲ ಸಾಲಿನಲ್ಲಿ ಆ ಇಬ್ಬರ ಹೆಸರೂ ಪೆನ್ಸಿಲಿನಲ್ಲೇ ಇತ್ತು.